ಪಟ್ಟಿಯಲ್ಲಿಲ್ಲದ ಫೈಲು

ಜುಲೈ ೪

ಮಾವನಿಗೆ,

ಕ್ಷೇಮ ಸಮಾಚಾರವನ್ನು ಕೊನೆಯಲ್ಲಿ ಬರೆಯುತ್ತೇನೆ, ಮರೆತರೆ ಕ್ಷೇಮ ಎಂದುಕೋ. ಪ್ರೆಸ್ಸಿಗೆ ಐದು ಹೊಸ ಕಂಪ್ಯೂಟರು ಬಂದಿವೆ. ಹಳೆಯವನ್ನು ಕಾಗದದ ಕೋಣೆಯ ಮೂಲೆಗೆ ಪೇರಿಸಿದ್ದಾರೆ. ಹೊಸದನ್ನು ನಡೆಸುವ ತಂತ್ರಾಂಶವೂ ಲಿನಕ್ಸೇ, ಆದರೆ ನೀನು ನಮಗೆ ಹಾಕಿಕೊಟ್ಟಿದ್ದಕ್ಕಿಂತ ನಾಲ್ಕು ಆವೃತ್ತಿ ಮುಂದಿನದು. ಅಚ್ಚಿನ ಪುಸ್ತಕವನ್ನು ಬ್ರೈಲ್ ಚುಕ್ಕಿಗಳಿಗೆ ತಿರುಗಿಸುವ ನಿನ್ನ ಪ್ರೋಗ್ರಾಮನ್ನು ಹಳೆಯದರಿಂದ ಎತ್ತಿ ಹೊಸದರಲ್ಲಿ ಹಾಕಿ ನೋಡಿದೆವು. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಮೇನೇಜರು ನಮ್ಮ ಮೇಜಿನ ಹತ್ತಿರ ಬಂದು ನಿಂತರು. "ಆಗಸ್ಟ್ ಮೂವತ್ತರವರೆಗೆ ಕಾಯ್ತೀನಮ್ಮ. ನಿಮ್ಮ ಮಾವನ ಪ್ರೋಗ್ರಾಂ ಅಷ್ಟರಲ್ಲಿ ಇದರ ಮೇಲೆ ಓಡಿದ್ರೆ ಸರಿ. ಇಲ್ದಿದ್ರೆ ಕಂಪನಿಯವರದ್ದು ತರಿಸೋದೇ" ಎಂದರು. ಕಂಪನಿಯದು ಬಂದರೆ ಕರಡು ತಿದ್ದುವುದೆಲ್ಲ ತೆರೆಯ ಮೇಲೆ, ಕಣ್ಣಿರುವ ಗುಮಾಸ್ತನಿಂದ. ಬೆರಳಲ್ಲಿ ಓದಿ ತಿದ್ದುವ ನಾನೂ ಪಕ್ಕದ ಮೇಜಿನ ದೊಡ್ಡಕ್ಕನೂ ಮನೆಗೆ. ದೊಡ್ಡಕ್ಕನಿಗೆ ಈ ಕೆಲಸದಲ್ಲಿ ಇಪ್ಪತ್ತಾರು ವರ್ಷ, ನನಗೆ ಹನ್ನೊಂದು. ನಮಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಕೆಲಸ ಬೇಕಾಗಿಯೂ ಇಲ್ಲ.

ಆದ್ದರಿಂದ ನೀನು ಈ ಹೊಸ ಆವೃತ್ತಿಗೆ ತಕ್ಕ ಪ್ಯಾಕೇಜು ಕಟ್ಟಿ ಕಳಿಸಬೇಕು. ಮೇಲ್ ಕಳಿಸಬೇಡ. ಆಫೀಸಿನ ಯಂತ್ರ ಅದನ್ನು ಇಡೀ ಕೋಣೆಗೆ ಕೇಳುವ ಹಾಗೆ ಓದುತ್ತದೆ. ನಿನ್ನ ಕಿವಿಗೆ ಫೋನು ಕೇಳಿಸುವುದಿಲ್ಲ. ಹಾಗಾಗಿ ನಾನು ಕುರುಡಿ, ನೀನು ಕಿವುಡ, ನಮ್ಮಿಬ್ಬರ ನಡುವೆ ಅಂಚೆಯಣ್ಣ. ಬ್ರೈಲಿನಲ್ಲಿ ಚುಚ್ಚಿದ ಕಾಗದ ಮೂರು ದಿನಕ್ಕೆ ತಲುಪುತ್ತದೆ, ಸಾಕು.

ಚುಕ್ಕಿ


ಜುಲೈ ೯

ಚುಕ್ಕಿ ಮಗಳೇ,

ಇದಕ್ಕೆ ಇಷ್ಟೊಂದು ಪೀಕಲಾಟವೇ? ನಿನ್ನ ಕಾಗದ ಬಂದ ದಿನ ಅಂಗಡಿಯಲ್ಲಿ ಮೂರು ಹೊಲಿಗೆ ಯಂತ್ರ ಬಿಚ್ಚಿ ಹರಡಿಕೊಂಡಿದ್ದೆ. ಅವನ್ನು ಪಕ್ಕಕ್ಕೆ ಸರಿಸಿ ಕೂತೆ. ಮಧ್ಯಾಹ್ನದೊಳಗೆ ಪ್ಯಾಕೇಜು ತಯಾರು. ನನ್ನ ಯಂತ್ರದ ಮೇಲೆ ಹೂವೆತ್ತಿದ ಹಾಗೆ ಓಡುತ್ತಿದೆ. ಪೆನ್‌ಡ್ರೈವ್ ಈ ಕಾಗದದ ಜೊತೆಗಿದೆ.

ಪ್ಯಾಕೇಜು ಎಂದರೇನೆಂದು ನಿನ್ನ ಮೇನೇಜರು ಕೇಳಿದರೆ ಹೀಗೆ ಹೇಳು: ಅದೊಂದು ಪೆಟ್ಟಿಗೆ. ಒಳಗೆ ಪ್ರೋಗ್ರಾಂ, ಮುಚ್ಚಳದ ಮೇಲೆ ಪಟ್ಟಿ. ಒಳಗೆ ಏನೇನಿದೆ, ಓಡಲು ಮನೆಯಲ್ಲಿ ಇನ್ನೇನೇನು ಇರಬೇಕು, ಎಲ್ಲ ಆ ಪಟ್ಟಿಯಲ್ಲಿರುತ್ತದೆ. ಯಂತ್ರ ಪಟ್ಟಿ ಓದಿ ಪೆಟ್ಟಿಗೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ನಿನ್ನ ಅತ್ತೆ ಬೇಳೆ ಆರಿಸುತ್ತ ಕೂತಿದ್ದಾಳೆ. ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ನಿನ್ನನ್ನು ಹೊಗಳಿರಬೇಕು, ನನ್ನನ್ನಂತೂ ಅಲ್ಲ.

ಮಾವ


ಜುಲೈ ೧೫

ಮಾವ,

ಹೂವೆತ್ತಿದ ಹಾಗೆ ಅಂತೆ. ಇಲ್ಲಿ ಹೂವೂ ಇಲ್ಲ, ಎಲೆಯೂ ಇಲ್ಲ. ಪ್ಯಾಕೇಜು ಹಾಕಿದ ಕೂಡಲೇ ಯಂತ್ರ ಗಟ್ಟಿ ದನಿಯಲ್ಲಿ ಓದಿ ಹೇಳಿತು: ಇದಕ್ಕೆ ಬೇಕಾದ ಲೈಬ್ರರಿ ಇಲ್ಲಿ ಇಲ್ಲ. ಪ್ರೋಗ್ರಾಂ ಓಡಲು ಆಸರೆಯಾಗುವ ಅಂಥ ಮೂರು ಲೈಬ್ರರಿ ಫೈಲುಗಳ ಹೆಸರು ಹೇಳಿತು, ಮೂರೂ ಹಳೆಯ ಆವೃತ್ತಿಯವು. ಹೊಸದರಲ್ಲಿ ಅವನ್ನು ಕೈಬಿಟ್ಟು ವರ್ಷಗಳಾಗಿವೆಯಂತೆ. ಮೇನೇಜರು ಹಿಂದೆಯೇ ನಿಂತಿದ್ದರು.

ನಿನ್ನ ಯಂತ್ರದ ಮೇಲೆ ಓಡಿದರೆ ಪ್ರೆಸ್ಸಿಗೇನು ಬಂತು ಮಾವ? ಪುಸ್ತಕ ಅಚ್ಚಾಗುವುದು ನಿನ್ನ ಹೊಲಿಗೆ ಯಂತ್ರದಂಗಡಿಯಲ್ಲಿ ಅಲ್ಲ. ನಿನ್ನ ಕಂಪ್ಯೂಟರಿಗೂ ಹೊಸ ಆವೃತ್ತಿಯನ್ನೇ ಹಾಕಿಬಿಡು, ಮುಗಿಯಿತು.

ಚುಕ್ಕಿ


ಜುಲೈ ೨೨

ಚುಕ್ಕಿ,

ಹಾಕಿಬಿಡು ಎನ್ನುವುದು ಸುಲಭ. ನನ್ನ ಹಳೆಯ ಬ್ರೈಲ್ ಪ್ರಿಂಟರಿಗೆ ಮಾತು ಬರುವುದು ಈ ಹಳೆಯ ಆವೃತ್ತಿಯ ಜೊತೆ ಮಾತ್ರ. ಹೊಸದು ಹಾಕಿದೆನೋ, ಪ್ರಿಂಟರು ಮೂಕ. ಚುಕ್ಕಿ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಕಾಗದದ ಮೇಲೆ ನೋಡದೆ ನಾನು ಏನನ್ನೂ ಕಳಿಸುವವನಲ್ಲ. ಹಳೆಯ ಯಂತ್ರ ಹಾಗೇ ಇರಬೇಕು, ಅದರ ಮೇಲೆಯೇ ಹೊಸದಕ್ಕೆ ಪ್ಯಾಕೇಜು ಕಟ್ಟಬೇಕು.

ದಾರಿ ಇದೆ. ಹಳೆಯ ಯಂತ್ರದೊಳಗೇ ಒಂದು ಖಾಲಿ ಕೋಣೆ ಮಾಡುವುದು. ಅದರೊಳಗೆ ಹೊಸ ಆವೃತ್ತಿಯ ಸಾಮಾನು ಮಾತ್ರ. ಪ್ಯಾಕೇಜು ಕಟ್ಟುವ ಕೆಲಸ ಕೋಣೆಯೊಳಗೆ ನಡೆಯುತ್ತದೆ, ಹೊರಗಿರುವ ನನ್ನ ಹಳೆಯ ಸಾಮಾನು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಏನು ಬೇಕೋ ಅದನ್ನು ಪಟ್ಟಿಯಲ್ಲಿ ಬರೆದಿದ್ದರೆ ಮಾತ್ರ ಒಳಗೆ ಬಿಡುತ್ತದೆ.

ಆದರೆ ಆ ಕೋಣೆಗೆ ಸಾಮಾನು ತುಂಬುವುದರಲ್ಲೇ ಹೈರಾಣಾಗಿದ್ದೇನೆ. ಹೊಸ ಆವೃತ್ತಿಯವರು ಪ್ಯಾಕೇಜುಗಳನ್ನು ಹೊಸ ಬಗೆಯಲ್ಲಿ ಅದುಮಿ ಗಂಟು ಕಟ್ಟಿದ್ದಾರೆ. ನನ್ನ ಯಂತ್ರಕ್ಕೆ ಆ ಗಂಟು ಬಿಚ್ಚಲು ಬರುವುದಿಲ್ಲ. ಬಿಚ್ಚಬಲ್ಲ ಹೊಸ ಸಾಧನ ಎಲ್ಲಿದೆ? ಅದೇ ಗಂಟಿನೊಳಗೆ! ಸರಿ, ಆ ಸಾಧನದ ಮೂಲ ಬರಹ ತರಿಸಿ ಇಲ್ಲೇ ಕಟ್ಟೋಣ ಎಂದರೆ ಅದಕ್ಕೆ ಇನ್ನೊಂದು ಬೇಕು, ಇನ್ನೊಂದಕ್ಕೆ ಮತ್ತೊಂದು. ಹನುಮಂತನ ಬಾಲದ ಹಾಗೆ ಬೆಳೆಯುತ್ತಿದೆ. ನಿನ್ನ ಅತ್ತೆ ಚೀಟಿಯಲ್ಲಿ ಬರೆದು ತೋರಿಸಿದಳು: "ಒಂದು ಪೆಟ್ಟಿಗೆ ತೆಗೆಯೋಕೆ ಹತ್ತು ಪೆಟ್ಟಿಗೆ ಮಾಡೋ ಗಂಡಸನ್ನ ನಾನು ಇದೇ ಮೊದಲು ನೋಡಿದ್ದು."

ಬಿಡುವುದಿಲ್ಲ. ನಾನು ಅಚ್ಚೊತ್ತುವ ಕಾರ್ಖಾನೆಯಲ್ಲಿ ಕಿವಿ ಕಳೆದುಕೊಂಡವನು, ಹಟ ಕಳೆದುಕೊಂಡವನಲ್ಲ.

ಮಾವ


ಜುಲೈ ೨೯

ಮಾವ,

ನಿನ್ನ ಹಟ ನಮ್ಮ ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಅಮ್ಮ ಇದ್ದಿದ್ದರೆ "ನನ್ನ ತಮ್ಮ ಹಿಡಿದರೆ ಉಡ" ಎನ್ನುತ್ತಿದ್ದಳು. ಹಿಡಿದುಕೊಂಡೇ ಇರು.

ಇಲ್ಲಿಯ ಸಮಾಚಾರ ಕೇಳು. ನಿನ್ನೆ ಕಂಪನಿಯವರು ಬಂದು ತಮ್ಮ ಪ್ರೋಗ್ರಾಮಿನ ಪ್ರದರ್ಶನ ಕೊಟ್ಟರು. ಕಳೆದ ವರ್ಷ ನಾವು ಮಾಡಿದ ಚರಿತ್ರೆಯ ಪುಸ್ತಕವನ್ನೇ ತೆಗೆದುಕೊಂಡು ತಮ್ಮದರಲ್ಲಿ ತಿರುಗಿಸಿ ಅಚ್ಚು ಹಾಕಿಸಿದರು. ನಮ್ಮದು ಹತ್ತು ಸಂಪುಟ, ಅವರದು ಒಂಬತ್ತು. ಮೇನೇಜರು ಒಂದು ಕೈಯಲ್ಲಿ ನಮ್ಮದು, ಇನ್ನೊಂದು ಕೈಯಲ್ಲಿ ಅವರದು ಹಿಡಿದು ತೂಗಿ ನೋಡಿದರಂತೆ, ದೊಡ್ಡಕ್ಕನಿಗೆ ಗುಮಾಸ್ತ ಹೇಳಿದ. "ಅದೇ ಪುಸ್ತಕ, ಅದೇ ಅಕ್ಷರ. ನಿಮ್ಮದು ಯಾಕಮ್ಮ ಇಷ್ಟು ಕಾಗದ ತಿನ್ನತ್ತೆ?" ಎಂದು ನನ್ನನ್ನು ಕೇಳಿದರು.

ನನಗೆ ಸಿಟ್ಟು ಬಂತು. ಎಲ್ಲರ ಮುಂದೆ ಹೇಳಿದೆ: "ಅವರು ಎಲ್ಲೋ ಅಕ್ಷರ ನುಂಗಿರಬೇಕು ಸಾರ್. ನಮ್ಮ ಮಾವನ ಪ್ರೋಗ್ರಾಂ ಒಂದು ಚುಕ್ಕಿ ಜಾಗಾನೂ ದಂಡ ಮಾಡಲ್ಲ. ನಾನು ಮಾತು ಕೊಡ್ತೀನಿ." ಅವರು ನುಂಗಿದ್ದನ್ನು ಹುಡುಕಲು ಮೊದಲ ಸಂಪುಟ ಮನೆಗೆ ತಂದಿದ್ದೇನೆ. ಅವರ ಅಚ್ಚು ಸರಿಯಿಲ್ಲ, ಸಾಲು ತಪ್ಪುತ್ತಲೇ ಇದೆ. ಇನ್ನೂ ಸಿಕ್ಕಿಲ್ಲ, ಸಿಗುತ್ತದೆ.

ಚುಕ್ಕಿ


ಆಗಸ್ಟ್ ೬

ಚುಕ್ಕಿ,

ಕೋಣೆ ತಯಾರಾಯಿತು. ಗಂಟು ಬಿಚ್ಚುವ ಸಾಧನವನ್ನು ಹಳೆಯ ಯಂತ್ರದ ಮೇಲೆ ಕಟ್ಟಿದೆ. ಅದರಿಂದ ಹೊಸ ಆವೃತ್ತಿಯ ಸಾಮಾನು ಬಿಚ್ಚಿದೆ, ಅದರೊಳಗೆ ನಮ್ಮ ಪ್ರೋಗ್ರಾಂ ಕಟ್ಟಿದೆ. ಪೆನ್‌ಡ್ರೈವ್ ಇಟ್ಟಿದ್ದೇನೆ. ಈ ಸಲ ಓಡುತ್ತದೆ.

ಕೆಲಸ ಬಹಳ ಇದೆ. ಇಷ್ಟೇ.

ಮಾವ


ಆಗಸ್ಟ್ ೧೨

ಮಾವ,

ಓಡಿತು! ಯಂತ್ರ ಒಂದು ಮಾತೂ ಎದುರಾಡದೆ ಒಳಗೆ ಬಿಟ್ಟುಕೊಂಡಿತು. ದೊಡ್ಡಕ್ಕ ನನ್ನ ಬೆನ್ನಿಗೆ ಹೊಡೆದ ಏಟು ಇನ್ನೂ ಉರಿಯುತ್ತಿದೆ. ನಿನ್ನ ಎರಡು ಸಾಲಿನ ಕಾಗದಕ್ಕೆ ಬಂದಿದ್ದ ಕೋಪವೂ ಇಳಿಯಿತು.

ಆದರೆ ಒಂದು ದೊಡ್ಡ ದೋಷ ಇದೆ. ಮೊದಲ ಹಾಳೆಯ ಮೇಲೆ ಬೆರಳಿಟ್ಟ ಕೂಡಲೇ ಗೊತ್ತಾಯಿತು. ಹಾಳೆಯ ನೆತ್ತಿಯಲ್ಲಿ ಇರಬೇಕಾದ ಖಾಲಿ ಸಾಲು ಇಲ್ಲ. ಪ್ರತಿ ಸಾಲಿನ ಎಡಕ್ಕೆ ಇರಬೇಕಾದ ಎರಡು ಮನೆಯಷ್ಟು, ಎಂದರೆ ಎರಡು ಅಕ್ಷರ ಹಿಡಿಸುವಷ್ಟು, ಖಾಲಿ ಜಾಗವೂ ಇಲ್ಲ. ಅಂಚಿನಿಂದಲೇ ಅಕ್ಷರ ಶುರು. ಎಡಗೈ ಬೆರಳನ್ನು ಎಲ್ಲಿ ಊರಿ ಮುಂದಿನ ಸಾಲು ಹಿಡಿಯಬೇಕು? ಒಂದು ಪುಟದಲ್ಲಿ ನಾಲ್ಕು ಸಲ ಸಾಲು ತಪ್ಪಿದೆ. ನಾನು!

ಇನ್ನೊಂದು ವಿಚಿತ್ರ. ಚರಿತ್ರೆಯ ಪುಸ್ತಕವನ್ನು ಇದರಲ್ಲಿ ತಿರುಗಿಸಿದರೆ ಒಂಬತ್ತೇ ಸಂಪುಟ, ಕಂಪನಿಯವರದ್ದರ ಹಾಗೆಯೇ. ಅವರದ್ದನ್ನು ನೋಡಿ ಕಾಪಿ ಹೊಡೆದೆಯೇನು? ತಮಾಷೆಗೆ ಕೇಳಿದೆ. ಮೂವತ್ತನೇ ತಾರೀಖು ಕಂಪನಿಯವರ ಎದುರಿಗೇ ನಾನು ಓದಿ ತಿದ್ದಿ ತೋರಿಸಬೇಕಂತೆ. ಬೇಗ ಸರಿಮಾಡಿ ಕಳಿಸು, ಹದಿನೆಂಟು ದಿನ ಉಳಿದಿದೆ.

ಚುಕ್ಕಿ


ಆಗಸ್ಟ್ ೨೦

ಮಾವ,

ನಿನ್ನಿಂದ ಕಾಗದ ಇಲ್ಲ. ಅಂಚೆಯಣ್ಣನನ್ನು ದಿನಾ ಕೇಳಿ ಕೇಳಿ ಅವನು ಈಗ ನನ್ನ ಕೋಲಿನ ಸದ್ದು ಕೇಳಿದರೆ ರಸ್ತೆ ದಾಟುತ್ತಾನೆ. ಹೊಸದಕ್ಕೆ ಹೆದರಿ ಕೈಚೆಲ್ಲಿದೆಯಾ? ಹಾಗಿದ್ದರೆ "ನನ್ನಿಂದ ಆಗಲ್ಲ" ಎಂದು ಒಂದು ಸಾಲು ಚುಚ್ಚಿ ಕಳಿಸು. ಗೋಡೆಯ ಜೊತೆ ಮಾತಾಡಿಕೊಂಡು ಕೂರಲು ನನಗೆ ಪುರುಸೊತ್ತಿಲ್ಲ. ದೊಡ್ಡಕ್ಕನ ಮಗಳಿಗೆ ಇನ್ನೂ ಓದು ಮುಗಿದಿಲ್ಲ, ಅದಾದರೂ ನಿನಗೆ ನೆನಪಿರಲಿ.

ಚುಕ್ಕಿ


ಆಗಸ್ಟ್ ೨೧

ಚುಕ್ಕಿ ಮಗಳೇ,

ಈ ಕಾಗದವನ್ನು ಮೂರು ಸಲ ಚುಚ್ಚಿ ಹರಿದಿದ್ದೇನೆ. ಇದು ನಾಲ್ಕನೆಯದು. ಇದನ್ನು ನಿನ್ನ ಅತ್ತೆ ತಾನೇ ಅಂಚೆಗೆ ಹಾಕುತ್ತಾಳಂತೆ, ನನ್ನನ್ನು ನಂಬುವುದಿಲ್ಲವಂತೆ.

ಆ ಪ್ಯಾಕೇಜಿನಲ್ಲಿ ದೋಷ ಇಲ್ಲ. ಪ್ರೋಗ್ರಾಂ ಮೊದಲಿನಿಂದಲೂ ಹಾಗೆಯೇ ಇದೆ. ಎಡಕ್ಕೆ ಎರಡು ಮನೆ, ನೆತ್ತಿಗೊಂದು ಸಾಲು ಖಾಲಿ ಬಿಡುವುದು ಬ್ರೈಲಿನ ನಿಯಮವೇ ಅಲ್ಲ. ಅದು ನಾನು ನಿನಗಾಗಿ ಮಾಡಿದ್ದು.

ನಿನಗೆ ಆಗ ಏಳು ವರ್ಷ. ಶಾಲೆಯಿಂದ ತಂದ ಪುಸ್ತಕ ಓದಲು ಕೂತರೆ ಎಡಗೈ ಬೆರಳು ಹಾಳೆಯಿಂದ ಜಾರುತ್ತಿತ್ತು. ಒಂದು ಸಾಲು ಮುಗಿಸಿ ಮುಂದಿನ ಸಾಲು ಹುಡುಕುವಷ್ಟರಲ್ಲಿ ಅಳು. ಒಂದು ದಿನ ಪುಸ್ತಕ ಎಸೆದು "ನಂಗೆ ಓದು ಬೇಡ" ಎಂದೆ. ಅವತ್ತು ಸಂಜೆ ನಾನು ಒಂದು ಸಣ್ಣ ಫೈಲು ಬರೆದೆ. ಎಡಕ್ಕೆ ಇಷ್ಟು ಬಿಡು, ಮೇಲೆ ಇಷ್ಟು ಬಿಡು, ಬೆರಳು ನಿಲ್ಲಲು ಜಾಗ ಇರಲಿ ಎಂದು. ಫೈಲಿಗೆ "ಚುಕ್ಕಿಗೆ" ಎಂದೇ ಹೆಸರಿಟ್ಟು ನನ್ನ ಸ್ವಂತ ಫೋಲ್ಡರಿನಲ್ಲಿ ಹಾಕಿ, ನಿನ್ನ ಪುಸ್ತಕವನ್ನು ನನ್ನ ಪ್ರಿಂಟರಿನಲ್ಲಿ ಮತ್ತೆ ಅಚ್ಚು ಮಾಡಿಕೊಟ್ಟೆ. ಒಂದು ವಾರ ಇರಲಿ, ಆಮೇಲೆ ತೆಗೆದರಾಯಿತು ಎಂದುಕೊಂಡಿದ್ದೆ. ನೀನು ಆ ವಾರ ಎರಡು ಪುಸ್ತಕ ಓದಿದೆ. ಯಾವ ಕೈಯಿಂದ ತೆಗೆಯಲಿ?

ಹನ್ನೊಂದು ವರ್ಷದ ಹಿಂದೆ ನೀನು ಪ್ರೆಸ್ಸಿಗೆ ಸೇರಿದಾಗ ಅವರಿಗೆ ಪ್ರೋಗ್ರಾಂ ಬೇಕಿತ್ತು. ನಾನು ಜಾಣತನ ಮಾಡಿ ನನ್ನ ಇಡೀ ಫೋಲ್ಡರನ್ನೇ ಅವರ ಯಂತ್ರಕ್ಕೆ ಹಾಕಿ ಬಂದೆ. ಆ ಫೈಲೂ ಜೊತೆಗೆ ಹೋಯಿತು. ಅಂದಿನಿಂದ ನಿಮ್ಮ ಪ್ರತಿ ಹತ್ತು ಹಾಳೆಯಲ್ಲಿ ಒಂದು ಹಾಳೆ ನನ್ನ ಕಾರಣಕ್ಕೆ ಹೋಗಿದೆ. ಈಗ ಖಾಲಿ ಕೋಣೆಯಲ್ಲಿ ಕಟ್ಟಿದಾಗ ಪಟ್ಟಿಯಲ್ಲಿ ಇರುವುದು ಮಾತ್ರ ಒಳಗೆ ಹೋಯಿತು. ಆ ಫೈಲನ್ನು ನಾನು ಯಾವತ್ತೂ ಪಟ್ಟಿಯಲ್ಲಿ ಬರೆದೇ ಇರಲಿಲ್ಲ.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಜುಲೈ ಇಪ್ಪತ್ತೊಂಬತ್ತರ ನಿನ್ನ ಕಾಗದ ಓದಿದ ಕೂಡಲೇ ನನಗೆ ಗೊತ್ತಾಯಿತು. ಎಲ್ಲರ ಮುಂದೆ ನೀನು ಮಾತು ಕೊಟ್ಟಿದ್ದೀಯ, ಆ ಮಾತನ್ನು ನಾನು ಸುಳ್ಳು ಮಾಡಿದ್ದೇನೆ. ಹೊಸ ಪ್ಯಾಕೇಜಿನ ಹಾಳೆ ನನ್ನ ಪ್ರಿಂಟರಿನಿಂದ ಬಂದಾಗ ಕಣ್ಣಾರೆ ನೋಡಿಯೂ ಸುಮ್ಮನೆ ಕಳಿಸಿದೆ. ನಿನ್ನ ಬೆರಳಿಗೆ ಗೊತ್ತಾಗದೆ ಹೋಗಬಹುದು ಎಂದು ಆಸೆಪಟ್ಟೆ. ಎಂಥ ಪೆದ್ದ!

ಈಗ ಅತ್ತ ದರಿ, ಇತ್ತ ಪುಲಿ. ಫೈಲನ್ನು ಸೇರಿಸಿದರೆ ಪುಸ್ತಕ ದಪ್ಪವಾಗಿ ಕಂಪನಿ ಗೆಲ್ಲುತ್ತದೆ. ಸೇರಿಸದಿದ್ದರೆ ಮೂವತ್ತನೇ ತಾರೀಖು ಮೇನೇಜರ ಮುಂದೆ ನಿನ್ನ ಬೆರಳು ತಪ್ಪುತ್ತದೆ. ಫೈಲನ್ನೂ, ಕೋಣೆ ಮಾಡುವ ಕ್ರಮವನ್ನೂ ಈ ಪೆನ್‌ಡ್ರೈವಿನಲ್ಲಿ ಹಾಕಿದ್ದೇನೆ. ತೀರ್ಮಾನ ನಿನ್ನದು. ತಪ್ಪು ನನ್ನದೆಂದು ಮೇನೇಜರಿಗೆ ಹೇಳು. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖವೂ ನನಗಿಲ್ಲ.

ಮಾವ


ಆಗಸ್ಟ್ ೨೭

ಮಾವ,

ನಿನ್ನ ಕಾಗದ ಓದಿ ಮೊದಲು ಚೆನ್ನಾಗಿ ಬೈದೆ. ನಿನಗೆ ಕೇಳಿಸುವಂತಿದ್ದರೂ ಇಷ್ಟು ಬೈಗುಳಕ್ಕೆ ನೀನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ತಪ್ಪು ಮಾಡಿದ್ದಕ್ಕಲ್ಲ. ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡು ಕೂತೆಯಲ್ಲ, ಅದಕ್ಕೆ. ಆ ಮೂರು ವಾರ ಇದ್ದಿದ್ದರೆ ನನ್ನ ಬೆರಳನ್ನು ಅಷ್ಟೂ ದಿನ ಪಳಗಿಸಬಹುದಿತ್ತು.

ಆಮೇಲೆ ದೊಡ್ಡಕ್ಕನಿಗೆ ಓದಿ ಹೇಳಿದೆ. ಅವಳು ನಕ್ಕದ್ದೇ ನಕ್ಕದ್ದು. "ಬೇರೆ ಕಡೆ ಪುಸ್ತಕದಲ್ಲಿ ಆ ಜಾಗ ಇರಲ್ಲ ಅಂತ ನಂಗೆ ಮೊದಲಿಂದ ಗೊತ್ತು ಕಣೇ. ನಿಮ್ಮ ಮಾವನ ಪ್ರೋಗ್ರಾಂ ಬಂದಾಗ ಪ್ರೆಸ್ಸಿನವರು ಮಾಡಿದ ಹೊಸ ರೂಢಿ ಇರಬೇಕು ಅಂದ್ಕೊಂಡೆ. ಹನ್ನೊಂದು ವರ್ಷ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಎಂದಳು. ನೋಡು, ಬಾಯಿಬಿಡದವನು ನೀನೊಬ್ಬನೇ ಅಲ್ಲ. ನನ್ನ ಕೈಗೆ ಬರುವ ಬೇರೆ ಕಡೆಯ ಪುಸ್ತಕಗಳಲ್ಲಿ ಸಾಲು ತಪ್ಪಿದಾಗೆಲ್ಲ ನಾನು ಅವರ ಅಚ್ಚು ಸರಿಯಿಲ್ಲ ಎಂದು ಜರೆದಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅದು ನಾನೇ.

ಮೂರು ದಿನದಿಂದ ಅಂಚಿಲ್ಲದ ಹಾಳೆ ಓದುತ್ತಿದ್ದೇನೆ. ಮೊದಲ ದಿನ ಮೂವತ್ತು ಪುಟಕ್ಕೆ ಎಂಬತ್ತೊಂದು ಸಲ ತಪ್ಪಿದೆ. ನಿನ್ನೆ ಹತ್ತೊಂಬತ್ತು. ಈ ಕಾಗದವನ್ನೂ ಅಂಚಿನಿಂದಲೇ ಚುಚ್ಚುತ್ತಿದ್ದೇನೆ.

ಮೊನ್ನೆ ಪಕ್ಕದ ಅಂಧರ ಶಾಲೆಗೂ ಎರಡು ಬಗೆಯ ಹಾಳೆ ತೆಗೆದುಕೊಂಡು ಹೋಗಿದ್ದೆ. ಏಳನೇ ತರಗತಿಯವರಿಗೆ ಜಾಗ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಂದನೇ ತರಗತಿಯ ಹನ್ನೆರಡು ಮಕ್ಕಳಲ್ಲಿ ಒಂಬತ್ತು ಮಕ್ಕಳು ಜಾಗ ಇರುವ ಹಾಳೆಯಲ್ಲಿ ಸರಾಗವಾಗಿ ಓದಿದರು, ಇಲ್ಲದ ಹಾಳೆಯಲ್ಲಿ ಮೊದಲ ಪುಟಕ್ಕೇ ಕೈ ಹಿಂದೆಗೆದರು. ಟೀಚರು "ಇದನ್ನ ಯಾರು ಯೋಚನೆ ಮಾಡಿದ್ರು?" ಎಂದು ಕೇಳಿದರು. ಹೊಲಿಗೆ ಯಂತ್ರ ರಿಪೇರಿಯವರು ಎಂದೆ.

ಹಾಗಾಗಿ ತೀರ್ಮಾನ ಮಾಡಿದ್ದೇನೆ. ಪ್ಯಾಕೇಜು ಒಂದಲ್ಲ, ಎರಡು. ಮುಖ್ಯ ಪ್ಯಾಕೇಜಿನಲ್ಲಿ ಜಾಗ ಇರುವುದಿಲ್ಲ. ಎರಡನೆಯದು ಪುಟ್ಟದು, ಅದರೊಳಗೆ ನಿನ್ನ ಆ ಫೈಲು ಮಾತ್ರ. ಓದು ಕಲಿಯುವವರ ಪುಸ್ತಕಕ್ಕೆ ಬೇಕೆಂದಾಗ ಹಾಕಿಕೊಳ್ಳಬಹುದು. ನೀನು ಕಟ್ಟಿ ಕಳಿಸಲು ದಿನ ಇಲ್ಲ. ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರು ಒಂದನ್ನು ದೊಡ್ಡಕ್ಕನೂ ನಾನೂ ಎಳೆದು ತಂದೆವು. ನಿನ್ನ ಕ್ರಮದಂತೆ ಅದರೊಳಗೆ ಕೋಣೆ ಮಾಡಿದೆ. ಮೂರು ಸಲ ಕಟ್ಟಿದೆ, ಮೂರು ಸಲವೂ ಬಿತ್ತು. ಪಟ್ಟಿಯಲ್ಲಿ ಬರೆಯಲು ಮರೆತದ್ದನ್ನೆಲ್ಲ ಕೋಣೆ ಒಂದೊಂದಾಗಿ ಕೇಳಿತು. ನಾಳೆ ನಾಲ್ಕನೆಯ ಸಲ. ಈ ಕಾಗದ ನಿನಗೆ ತಲುಪುವ ದಿನವೇ ಮೂವತ್ತನೇ ತಾರೀಖು. ನಿನ್ನ ಉತ್ತರಕ್ಕೆ ಕಾಯುವುದಿಲ್ಲ.

ಚುಕ್ಕಿ


ಆಗಸ್ಟ್ ೩೦

ಮಾವ,

ಆಫೀಸಿನಿಂದ ಬಂದು ಚಪ್ಪಲಿ ಬಿಟ್ಟವಳೇ ಬರೆಯಲು ಕೂತಿದ್ದೇನೆ. ನಾಲ್ಕನೆಯ ಸಲವೂ ಬಿತ್ತು. ಐದನೆಯ ಸಲ ಕಟ್ಟಿತು. ನಿನ್ನೆ ಹೊಸ ಯಂತ್ರಗಳು ಐದಕ್ಕೂ ಹಾಕಿದೆವು.

ಇವತ್ತು ಮೇನೇಜರು, ಕಂಪನಿಯ ಇಬ್ಬರು, ಗುಮಾಸ್ತ, ನಾವಿಬ್ಬರು. ಚರಿತ್ರೆಯ ಪುಸ್ತಕ ನಮ್ಮದೂ ಒಂಬತ್ತೇ ಸಂಪುಟ ಬಂತು. ಮೇನೇಜರು ಬಿಟ್ಟಾರೆಯೇ? "ಹೋದ ತಿಂಗಳು ಹತ್ತು ಇತ್ತಲ್ಲಮ್ಮ. ಒಂದು ಚುಕ್ಕಿ ಜಾಗಾನೂ ದಂಡ ಆಗಲ್ಲ ಅಂದಿದ್ರಿ" ಎಂದರು.

"ನಾನು ಹೇಳಿದ್ದು ತಪ್ಪು ಸಾರ್. ಹನ್ನೊಂದು ವರ್ಷ ಕಾಗದ ಹೆಚ್ಚು ಹೋಗಿದೆ."

"ಯಾರ ತಪ್ಪು?"

ನಿನ್ನ ಹೆಸರು ಹೇಳು ಎಂದು ನೀನು ಬರೆದಿದ್ದೆ. ಹೇಳಲಿಲ್ಲ. "ನನ್ನ ಬೆರಳಿಂದು" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಏಳು ವರ್ಷದ ಹುಡುಗಿ ಪುಸ್ತಕ ಎಸೆದದ್ದು, ಫೈಲಿನ ಹೆಸರು, ಒಂದನೇ ತರಗತಿಯ ಮಕ್ಕಳು ಕೈ ಹಿಂದೆಗೆದದ್ದು, ಎಲ್ಲ.

ಮೇನೇಜರು ಕಂಪನಿಯವರ ಸಂಪುಟದಿಂದ ಒಂದು ಅಧ್ಯಾಯ ತೆಗೆದು ಗುಮಾಸ್ತನಿಗೆ ತೆರೆಯ ಮೇಲೆ ನೋಡಲು ಹೇಳಿದರು. ಅದೇ ಅಧ್ಯಾಯದ ಹಾಳೆ ನನ್ನ ಮುಂದೆ ಇಟ್ಟರು. ಅಂಚಿಲ್ಲದ ಹಾಳೆ. ಎರಡನೇ ಪುಟದಲ್ಲಿ ನನ್ನ ಬೆರಳು ಜಾರಿತು. ಕಂಪನಿಯವನೊಬ್ಬ ಗಂಟಲು ಸರಿಮಾಡಿಕೊಂಡ. "ಸಾಲು ತಪ್ಪಿತು, ಮತ್ತೆ ಹಿಡೀತೀನಿ" ಎಂದು ಗಟ್ಟಿಯಾಗಿ ಹೇಳಿ ಮತ್ತೆ ಹಿಡಿದೆ. ಇಪ್ಪತ್ತು ಪುಟಕ್ಕೆ ಮೂರು ಸಲ ಜಾರಿತು, ಮೂರು ಸಲವೂ ಹೇಳಿದೆ. ಗುಮಾಸ್ತ ನನಗಿಂತ ಬೇಗ ಮುಗಿಸಿದ, ಎರಡು ತಪ್ಪು ಹಿಡಿದ. ನಾನು ಹದಿನಾಲ್ಕು ಹಿಡಿದೆ. ಅವನು ಹಿಡಿದ ಎರಡೂ ಅದರಲ್ಲಿ ಸೇರಿದ್ದವು. ಉಳಿದ ಹನ್ನೆರಡರಲ್ಲಿ ಅರ್ಧಕ್ಕರ್ಧ ಚುಕ್ಕಿ ಸರಿಯಾಗಿ ಉಬ್ಬದೆ ಇದ್ದ ಕಡೆ. ಅದು ತೆರೆಯ ಮೇಲೆ ಎಲ್ಲಿ ಕಾಣುತ್ತದೆ?

ಮೇನೇಜರು ಕಂಪನಿಯವರಿಗೆ ಕಾಫಿ ತರಿಸಿ, ಕುಡಿಸಿ, ಬಾಗಿಲವರೆಗೆ ಹೋಗಿ ಕಳಿಸಿ ಬಂದರು. ಬಂದು ನಮ್ಮ ಮೇಜಿನ ಹತ್ತಿರ ನಿಂತರು. "ಈ ಪ್ರೋಗ್ರಾಂ ಇರಲಿ. ನೀವಿಬ್ಬರೂ ಇರಿ. ಆದರೆ ನಿಮ್ಮ ಮಾವನಿಗೆ ವಯಸ್ಸಾಯ್ತು, ಮುಂದಿನ ಆವೃತ್ತಿ ಬಂದಾಗ ಯಾರಮ್ಮ ಕಟ್ಟೋರು?" ಎಂದರು. "ನಾನು" ಎಂದೆ. ಆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬಾರದು, ಅದು ನನ್ನ ಮೇಜಿನ ಕೆಳಗೆ ಇರಲಿ ಎಂದು ಕೇಳಿಕೊಂಡೆ. ಒಪ್ಪಿದರು. ದೊಡ್ಡಕ್ಕ ಮೂಗು ಒರೆಸಿಕೊಂಡು "ನೆಗಡಿ" ಎಂದಳು. ನಂಬಿದ ಹಾಗೆ ಮಾಡಿದೆ.

ಮಾವ, ಇದನ್ನು ಮೇನೇಜರ ಮುಂದೆ ಹೇಳಿದೆ, ನಿನಗೂ ಹೇಳುತ್ತೇನೆ. ಆ ಜಾಗ ನನಗೆ ಈಗ ಬೇಡ. ಆದರೆ ಅವತ್ತು ಅದಿಲ್ಲದೆ ಹೋಗಿದ್ದರೆ ನಾನು ಓದುತ್ತಿರಲಿಲ್ಲ. ಇವತ್ತು ಆ ಹದಿನಾಲ್ಕು ತಪ್ಪು ಹಿಡಿಯಲು ಅಲ್ಲಿ ನಾನು ಇರುತ್ತಲೇ ಇರಲಿಲ್ಲ.

ಪುಟ್ಟ ಪ್ಯಾಕೇಜಿನ ಪಟ್ಟಿಯಲ್ಲಿ ಒಳಗೆ ಏನಿದೆ ಎಂದು ಬರೆಯಬೇಕಿತ್ತು. "ಬೆರಳು ನಿಲ್ಲಲು ಜಾಗ" ಎಂದು ಬರೆದೆ. ಯಾರಿಗಾಗಿ ಎನ್ನುವಲ್ಲಿ ನನ್ನ ಹೆಸರು ಅಳಿಸಿ "ಕಲಿಯುತ್ತಿರುವವರಿಗೆ" ಎಂದು ಹಾಕಿದೆ. ಮಾಡಿದವರು ಎನ್ನುವಲ್ಲಿ ನಿನ್ನ ಪೂರ್ತಿ ಹೆಸರಿದೆ, ಇನ್ನು ನೀನು ಅಡಗಿ ಕೂರುವ ಹಾಗಿಲ್ಲ.

ಚುಕ್ಕಿ